ನಿಮಗಿದು ಗೊತ್ತೇ? ಡಬ್ಬಿಯೊಳಗಿನ ಖಂಡ, ಗಿರಾಕಿಯ ಸಿಟ್ಟು

● ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆ ಡಬ್ಬಿ ಮಾಂಸ ಕೇಳಿಕೊಂಡು ಅಂಗಡಿಗೆ ಹೋಗುವವರು ಅಪರೂಪ. ಹೋಗುವ ಜರೂರತ್ತಾದರೂ ಏನು? ಕೆಂಗುರಿ ತಳಿಯ ತವರು ಎಂದು ಪಶುವಿಜ್ಞಾನದ ಪುಸ್ತಕಗಳು ಹೆಸರಿಸುವುದೇ ಲಿಂಗಸುಗೂರು, ಸಿಂಧನೂರು, ಗಂಗಾವತಿ ತಾಲ್ಲೂಕುಗಳನ್ನು. ನಮ್ಮ ಗಿರಾಕಿಯ ಪ್ರಯೋಗಾಲಯ ಖಂಡದ ಅಂಗಡಿಯ ಮುಂದೆಯೇ ಇದೆ. ನೇತುಹಾಕಿದ್ದು ಟಗರೋ ಹೆಣ್ಣು ಕುರಿಯೋ ಗೊತ್ತಾಗಲೆಂದು ಗಂಡಿನ ಗುರುತು ಉಳಿಸಿದ್ದಾನಾ, ಕೊಬ್ಬು ಬೆಳ್ಳಗಿದೆಯಾ, ಬೆರಳಿಂದ ಒತ್ತಿದರೆ ತಗ್ಗು ತುಂಬಿಕೊಳ್ಳುತ್ತದಾ, ಇಷ್ಟು ನೋಡಿದ ಮೇಲೆಯೇ “ಅಣ್ಣಾ, ಎಲುಬು ಕಮ್ಮಿ ಹಾಕ್ರಿ” ಎಂಬ ಮಾತು. ಡಬ್ಬಿ ಬಂದಲ್ಲೆಲ್ಲ ಈ ಪರೀಕ್ಷೆ ಗಿರಾಕಿಯ ಕೈತಪ್ಪಿತು. ಮುಂದಿನ ಗಲಾಟೆಗಳೆಲ್ಲ ಶುರುವಾದದ್ದೇ ಅಲ್ಲಿಂದ.

● 1852ರ ಜನವರಿಯಲ್ಲಿ ಇಂಗ್ಲೆಂಡಿನ ಗಾಸ್‌ಪೋರ್ಟ್‌ನಲ್ಲಿ ನೌಕಾಪಡೆಯ ಉಗ್ರಾಣದ ಮಾಂಸದ ಡಬ್ಬಿಗಳನ್ನು ಒಡೆದು ನೋಡಿದರು. 306ರಲ್ಲಿ ತಿನ್ನಲು ಲಾಯಕ್ಕಾಗಿದ್ದವು 42. ಉಳಿದವನ್ನು ತೆರೆಯುತ್ತಿದ್ದಂತೆ ಅಲ್ಲಿ ನಿಲ್ಲಲಾಗದಷ್ಟು ನಾತ. ಸರಬರಾಜು ಮಾಡಿದ್ದ ಸ್ಟೀಫನ್ ಗೋಲ್ಡ್ನರ್ ಕಡಿಮೆ ದರ ಕೂಗಿ ಗುತ್ತಿಗೆ ಹಿಡಿದಿದ್ದ. ಅವನ ಡಬ್ಬಿಗಳೋ ದೊಡ್ಡವು; ಡಬ್ಬಿ ದೊಡ್ಡದಾದಷ್ಟೂ ನಡುಭಾಗದ ಖಂಡಕ್ಕೆ ಕಾವು ತಲುಪುವುದಿಲ್ಲ, ಹಸಿಯಾಗಿಯೇ ಉಳಿದು ಕೊಳೆಯುತ್ತದೆ. ಟೆಂಡರಿನಲ್ಲಿ ಎಲ್ಲರಿಗಿಂತ ಕಡಿಮೆ ಕೂಗಿದವನ ಕತೆ ನಮಗೂ ಹೊಸದೇನಲ್ಲ.

● 1906ರಲ್ಲಿ ಅಪ್ಟನ್ ಸಿಂಕ್ಲೇರ್ ಷಿಕಾಗೋದ ಮಾಂಸ ಕಾರ್ಖಾನೆಗಳ ಕೂಲಿಗಳ ಪಾಡು ತಿಳಿಸಲೆಂದು ‘ದಿ ಜಂಗಲ್’ ಕಾದಂಬರಿ ಬರೆದ. ಓದುಗರು ಕೂಲಿಗಳನ್ನು ಬಿಟ್ಟು ತಮ್ಮ ತಟ್ಟೆಯ ಚಿಂತೆಗೆ ಬಿದ್ದರು. ಅದೇ ವರ್ಷ ಜೂನ್ 30ಕ್ಕೆ ಅಮೆರಿಕದಲ್ಲಿ ಮಾಂಸ ತಪಾಸಣೆಯ ಕಾಯ್ದೆ ಬಂತು.

● ಒಂದೇ ಒಂದು ಡಬ್ಬಿ ಇಡೀ ಊರನ್ನು ಮಲಗಿಸಬಹುದೇ? 1964ರ ಮೇ ತಿಂಗಳಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಹಾಗೇ ಆಯಿತು. ಅರ್ಜೆಂಟೀನಾದಿಂದ ಬಂದ ದನದ ಮಾಂಸದ ಡಬ್ಬಿಯೊಂದರಿಂದ 400ಕ್ಕೂ ಹೆಚ್ಚು ಜನರಿಗೆ ಟೈಫಾಯ್ಡ್ ತಗುಲಿತು. ಕಾರ್ಖಾನೆಯಲ್ಲಿ ಮಾಂಸ ಚೆನ್ನಾಗಿಯೇ ಬೆಂದಿತ್ತು. ತಪ್ಪಿದ್ದು ಆಮೇಲೆ. ಕಾದ ಡಬ್ಬಿಯನ್ನು ಆರಿಸಲು ಶುದ್ಧ ಮಾಡದ ನದಿ ನೀರು ಬಳಸಿದ್ದರು. ಆರುವಾಗ ಡಬ್ಬಿ ಒಳಗಿನಿಂದ ಎಳೆದುಕೊಳ್ಳುತ್ತದೆ. ಹೊಲಿಗೆಯಲ್ಲಿ ಕೂದಲೆಳೆಯಷ್ಟು ಸಂದಿದ್ದರೂ ನೀರಿನ ಜೊತೆ ರೋಗಾಣು ಒಳಗೆ. ಅಂಗಡಿಯವರು ಆ ಮಾಂಸವನ್ನು ಕತ್ತರಿಸಿದ ಯಂತ್ರದಲ್ಲೇ ಬೇರೆ ಮಾಂಸಗಳನ್ನೂ ಕತ್ತರಿಸಿದರು, ಡಬ್ಬಿಯದ್ದನ್ನು ಮುಟ್ಟದವರೂ ಹಾಸಿಗೆ ಹಿಡಿದರು. ಹಿಂದಿನ ವರ್ಷವೇ ಹಾರ್ಲೋ, ಸೌತ್ ಶೀಲ್ಡ್ಸ್, ಬೆಡ್‌ಫರ್ಡ್‌ಗಳಲ್ಲಿ ಇಂಥದ್ದೇ ಡಬ್ಬಿಗಳಿಂದ ಟೈಫಾಯ್ಡ್ ಹಬ್ಬಿತ್ತು. ಆದರೂ ಮಾಲು ಕಪಾಟಿನಲ್ಲೇ ಇತ್ತು ಎನ್ನುವುದು ನನಗೆ ಈ ಕತೆಯ ನಿಜವಾದ ನಾತ. ಹೊರಗಿನವರು ಅಬರ್ಡೀನ್ ಕಡೆ ತಲೆ ಹಾಕಲೇ ಹೆದರಿದರು. ಭಯ ಬಿಡಿಸಲು ಜೂನ್ ಕೊನೆಗೆ ಖುದ್ದು ರಾಣಿ ಎಲಿಜಬೆತ್ ಊರಿಗೆ ಬರಬೇಕಾಯಿತು.

● 2013ರ ಜನವರಿಯಲ್ಲಿ ಐರ್ಲೆಂಡಿನ ಆಹಾರ ಸುರಕ್ಷಾ ಪ್ರಾಧಿಕಾರ ಅಗ್ಗದ ಬೀಫ್ ಬರ್ಗರ್‌ಗಳ ಡಿಎನ್‌ಎ ನೋಡಿತು. ಒಂದರಲ್ಲಿ ಶೇ 29ರಷ್ಟು ಕುದುರೆ! ಬ್ರಿಟನ್ನಿನಲ್ಲಿ ಫ್ರೋಜನ್ ಬರ್ಗರ್ ಮಾರಾಟ ಕೆಲವೇ ವಾರಗಳಲ್ಲಿ ಶೇ 43ರಷ್ಟು ಕುಸಿಯಿತು. ಜನ ಮಾಂಸವನ್ನೇನೂ ಬಿಡಲಿಲ್ಲ, ಕಣ್ಣೆದುರು ಕಡಿದುಕೊಡುವ ಓಣಿಯ ಕಟುಕನ ಹತ್ತಿರ ಹೋದರು.

● ನಮ್ಮ ದೇಶದ ದೊಡ್ಡ ಡಬ್ಬಿ ಹಗರಣ ಮಾಂಸದ್ದಲ್ಲ, ತುಪ್ಪದ ಬದಲಿಗೆ ಬಡವರು ಕೊಳ್ಳುತ್ತಿದ್ದ ವನಸ್ಪತಿಯದ್ದು. 1983ರಲ್ಲಿ ಅದಕ್ಕೆ ಆಮದು ಮಾಡಿದ ದನದ ಕೊಬ್ಬು ಬೆರೆಸಿದ್ದು ಬಯಲಾಗಿ ಉತ್ತರ ಭಾರತ ಹೊತ್ತಿಕೊಂಡಿತು. ಶುದ್ಧಿಗಾಗಿ ಗಂಗೆಯಲ್ಲಿ ಮುಳುಗಿದವರೂ ಉಂಟು. ಸರ್ಕಾರ ಕೊಬ್ಬಿನ ಆಮದನ್ನೇ ನಿಲ್ಲಿಸಿತು.

● 2024ರ ಜುಲೈ ಕೊನೆಗೆ ಬೆಂಗಳೂರು ರೈಲು ನಿಲ್ದಾಣದಲ್ಲಿ ಇಳಿದ, ರಾಜಸ್ಥಾನದಿಂದ ಬಂದ ಮಾಂಸದ ಪೆಟ್ಟಿಗೆಗಳಲ್ಲಿ ನಾಯಿ ಮಾಂಸವಿದೆ ಎಂದು ಹುಯಿಲೆದ್ದಿತು. ಹೈದರಾಬಾದಿನ ಮಾಂಸ ಸಂಶೋಧನಾ ಸಂಸ್ಥೆಯ ವರದಿ ಬಂತು: ಕುರಿ. ವರದಿ ಬರುವ ಹೊತ್ತಿಗೆ ಸುದ್ದಿ ವಾಟ್ಸ್‌ಆ್ಯಪಿನಲ್ಲಿ ರಾಜ್ಯ ಸುತ್ತಿಯಾಗಿತ್ತು.

● ಅದೇ ವರ್ಷ ರಾಜ್ಯದ ಅಧಿಕಾರಿಗಳು ಪರೀಕ್ಷಿಸಿದ 171 ಗೋಬಿ ಮಾದರಿಗಳಲ್ಲಿ 107 ಅಸುರಕ್ಷಿತ, 39 ಕಬಾಬ್ ಮಾದರಿಗಳಲ್ಲಿ 8. ಮಾರ್ಚಿನಲ್ಲಿ ಗೋಬಿಗೆ, ಜೂನಿನಲ್ಲಿ ಕಬಾಬ್‌ಗೆ ಕೃತಕ ಬಣ್ಣ ನಿಷೇಧವಾಯಿತು. ಬಂಡಿಯವನ ತಪ್ಪು ಇದ್ದದ್ದೇ, ಆದರೆ ಕೆಂಪಗಿಲ್ಲದ ಕಬಾಬನ್ನು ಮುಂದಿನ ಬಂಡಿಗೆ ಬಿಟ್ಟು ಹೋಗುತ್ತಿದ್ದವರು ಯಾರು?

● ರೇಷನ್ ಅಕ್ಕಿಯಲ್ಲಿ ಬೇರೆಯಾಗಿ ಕಾಣುವ ಕಾಳು ಪ್ಲಾಸ್ಟಿಕ್ ಅಲ್ಲ. ಅಕ್ಕಿ ಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ12 ಸೇರಿಸಿ ಅಚ್ಚು ಹಾಕಿದ ಸಾರವರ್ಧಿತ ಕಾಳು. ನೂರು ಕಿಲೋಗೆ ಒಂದು ಕಿಲೋ ಬೆರೆಸುತ್ತಾರೆ. ಭತ್ತದ ಕಣಜ ಎನಿಸಿಕೊಂಡ ಗಂಗಾವತಿಯವರಾದರೂ ಇದನ್ನು ನಾಲ್ಕು ಮಂದಿಗೆ ಹೇಳಬೇಕು.

● ಬರ್ಗರ್ ಬಿಟ್ಟು ಕಟುಕನ ಬಳಿ ಹೋದಂತೆ ನಲ್ಲಿ ಬಿಟ್ಟು ಎಲ್ಲಿಗೆ ಹೋಗುವುದು? 2023ರ ಜೂನ್ ಆಸುಪಾಸಿನಲ್ಲಿ ಕುಷ್ಟಗಿ ತಾಲ್ಲೂಕಿನ ಬಿಜಕಲ್, ಕನಕಗಿರಿ ತಾಲ್ಲೂಕಿನ ಬಸರಿಹಾಳದಲ್ಲಿ ಕಲುಷಿತ ನೀರಿನಿಂದ ವಾಂತಿ-ಭೇದಿ ಹಬ್ಬಿ ಜೀವಗಳೇ ಹೋದವು.

● ಉಬ್ಬಿದ ಡಬ್ಬಿ ಯಾವುದೇ ಇರಲಿ, ತೆರೆಯದೇ ಎಸೆಯಿರಿ. ಗಾಳಿಯಿಲ್ಲದ ಕಡೆ ಬೆಳೆಯುವ ಕ್ಲಾಸ್ಟ್ರಿಡಿಯಂ ಬಾಟುಲಿನಂ ಎಂಬ ಸೂಕ್ಷ್ಮಾಣುವಿನ ವಿಷಕ್ಕೆ ಕೆಲವೊಮ್ಮೆ ವಾಸನೆಯೂ ಇರದು, ರುಚಿಯೂ ಇರದು. ‘ಸ್ವಲ್ಪ ನೆಕ್ಕಿ ನೋಡೋಣ’ ಎಂಬ ನಮ್ಮ ಮನೆಮನೆಯ ಪರೀಕ್ಷೆ ಇಲ್ಲಿ ನಡೆಯದು.

● ಕೊಂಡ ತಿನಿಸಿನ ಮೇಲೆ ಅನುಮಾನವಿದ್ದರೆ ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸುವ ಹಕ್ಕು ನಿಮಗೇ ಇದೆ. 2006ರ ಆಹಾರ ಸುರಕ್ಷತೆ ಕಾಯ್ದೆಯ 40ನೇ ಕಲಂ ಹೇಳುವುದು ಇದನ್ನೇ. ಕಲಬೆರಕೆ ಸಾಬೀತಾದರೆ ಶುಲ್ಕ ವಾಪಸ್. ಷರತ್ತು ಒಂದಿದೆ: ಪರೀಕ್ಷೆಗೆ ಕೊಡುತ್ತೇನೆಂದು ಕೊಳ್ಳುವಾಗಲೇ ಅಂಗಡಿಯವನಿಗೆ ತಿಳಿಸಬೇಕು. ತಿಳಿಸಿದ ಮೇಲೆ ಆತ ಯಾವ ಡಬ್ಬಿ ತೆಗೆದು ಕೊಡುತ್ತಾನೆ ಎಂಬುದನ್ನು ಕಾಯ್ದೆ ಹೇಳುವುದಿಲ್ಲ.