ಮುಟ್ಟು ನಿಲ್ಲುವ ಕಾಲ: ರಾಮನಗರ ಸೀಮೆಯ ಜನಪದ ತಿಳಿವಳಿಕೆ ಮತ್ತು ಮಹಿಳಾ ಆರೋಗ್ಯ ಶಿಕ್ಷಣ

ಹೆಣ್ಣಿನ ಬದುಕಿನ ಘಟ್ಟಗಳನ್ನು ವಿಧಿ, ಹಾಡು ಹಾಗೂ ಊಟೋಪಚಾರಗಳ ಮೂಲಕ ಗುರುತಿಸುವುದು ಜನಪದ ಸಂಸ್ಕೃತಿಯ ಒಂದು ಪ್ರಮುಖ ಲಕ್ಷಣ. ಹಳೆಯ ಮೈಸೂರು ಭಾಗದ ಅನೇಕ ಸಮುದಾಯಗಳಲ್ಲಿ ಮೈನೆರೆದ ಹುಡುಗಿಗೆ ಸೋದರಮಾವ ಹಸಿರು ಸೊಪ್ಪಿನ ಗುಡ್ಲು ಹಾಕುತ್ತಾನೆ. ಚಿಗಳಿ, ತಂಬಿಟ್ಟು, ಕೊಬ್ಬರಿ ತಿನ್ನಿಸುತ್ತಾರೆ. ಒಸಗೆಯ ದಿನ ಸೋಬಾನೆ ಹಾಡುತ್ತಾರೆ. ಬಸುರಿಗೆ ಮಡಿಲು ತುಂಬುತ್ತಾರೆ. ಬಾಣಂತಿಯ ಆರೈಕೆಗೆ ದಿನಲೆಕ್ಕದ ಕ್ರಮವೇ ಇದೆ. ಆದರೆ ಮೈನೆರೆದಂದಿನಿಂದ ಮೂರು ದಶಕಕ್ಕೂ ಮಿಗಿಲಾಗಿ ನಡೆದುಬಂದ ಮುಟ್ಟು ನಿಂತುಹೋಗುವ ಘಟ್ಟಕ್ಕೆ ಹೀಗೆ ಊರಿಗೆಲ್ಲ ತಿಳಿಯುವಂಥ ವಿಧಿಯೂ ಇಲ್ಲ, ಹಾಡಿನ ಸಂಪ್ರದಾಯವೂ ಇಲ್ಲ. ಆರಂಭವನ್ನು ಸಾರಿ ಹೇಳುವ ಸಂಸ್ಕೃತಿ ಮುಕ್ತಾಯದ ವಿಷಯದಲ್ಲಿ ಮೌನ ವಹಿಸಿದೆ. ಈ ಮೌನದಲ್ಲಿ ಬೆಳೆದ ತಪ್ಪು ತಿಳಿವಳಿಕೆಗಳನ್ನೂ ಅವುಗಳ ನಿವಾರಣೆಗೆ ಜನಪದದಲ್ಲಿಯೇ ಇರುವ ದಾರಿಗಳನ್ನೂ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ಸೀಮೆಯನ್ನು ಇಲ್ಲಿ ಪರಿಶೀಲನೆಯ ನೆಲೆಯಾಗಿ ಇಟ್ಟುಕೊಳ್ಳಲಾಗಿದೆ. ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು 2007ರಲ್ಲಿ ರಾಮನಗರ ಜಿಲ್ಲೆಯಾದ ಈ ಪ್ರದೇಶವು 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೊಸ ಹೆಸರನ್ನು ಪಡೆಯಿತು.

1. ಮೌನದ ಕಾರಣ

ಒಂದು ಸಾಮಾಜಿಕ ಸ್ಥಾನದಿಂದ ಇನ್ನೊಂದಕ್ಕೆ ದಾಟುವಾಗ ಸಮಾಜವು ಸಂಕ್ರಮಣ ವಿಧಿಗಳನ್ನು ಆಚರಿಸುತ್ತದೆ ಎಂದು ವ್ಯಾನ್ ಗೆನೆಪ್ 1909ರಲ್ಲಿ ಪ್ರತಿಪಾದಿಸಿದನು. ಮೈನೆರೆದವಳು ಮದುವೆಗೆ ಅರ್ಹಳಾಗುತ್ತಾಳೆ, ಹೆತ್ತವಳು ತಾಯಿಯಾಗುತ್ತಾಳೆ. ಎರಡರಲ್ಲಿಯೂ ಸ್ಥಾನ ಬದಲಾಗುತ್ತದೆ. ಮುಟ್ಟು ನಿಂತವಳ ಸ್ಥಾನವಾದರೋ ಹಾಗೆಯೇ ಉಳಿಯುತ್ತದೆ. ಗಂಡನಿರುವವರೆಗೆ ಅವಳು ಮುತ್ತೈದೆಯೇ. ಬದಲಾಗುವುದು ಒಂದೇ: ತಿಂಗಳಿಗೊಮ್ಮೆ ‘ಹೊರಗಾಗುವ’ ಕಟ್ಟುಪಾಡು ಕಳಚುತ್ತದೆ, ದೇವರ ಮನೆ ಹಾಗೂ ಜಾತ್ರೆಯ ಕೆಲಸಗಳಿಗೆ ಅವಳು ಸದಾ ಸಲ್ಲುವವಳಾಗುತ್ತಾಳೆ. ರಾಜಸ್ಥಾನ ಮತ್ತು ಹಿಮಾಚಲ ಪ್ರದೇಶದ ರಜಪೂತ ಮಹಿಳೆಯರನ್ನು ಕುರಿತು ಮಾನವಶಾಸ್ತ್ರಜ್ಞೆ ಫ್ಲಿಂಟ್ 1975ರಲ್ಲಿ ಪ್ರಕಟಿಸಿದ ಅಧ್ಯಯನವು ಇಲ್ಲಿ ಉಲ್ಲೇಖನೀಯ. ಮುಟ್ಟು ನಿಂತ ಮೇಲೆ ಪರದೆಯಿಂದ ಹೊರಬರುವ ಸ್ವಾತಂತ್ರ್ಯ ಪಡೆದ ಆ ಮಹಿಳೆಯರು ತೊಂದರೆಗಳನ್ನು ಹೇಳಿಕೊಂಡದ್ದು ತೀರ ಕಡಿಮೆ. ಸಮಾಜ ಕೊಡುವ ಮನ್ನಣೆಯು ದೇಹದ ಅನುಭವವನ್ನು ಹಗುರಗೊಳಿಸಬಲ್ಲದು ಎಂಬುದು ಇದರ ತಾತ್ಪರ್ಯ. ಆದರೆ ಹೇಳಿಕೊಳ್ಳದಿರುವುದು ತೊಂದರೆ ಇಲ್ಲದಿರುವುದಕ್ಕೆ ಸಮನಲ್ಲ.

2. ಪದಗಳ ಸಮಸ್ಯೆ

ಆಡುಮಾತಿನ ‘ಮುಟ್ಟು ನಿಂತಿದೆ’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಹರೆಯದವಳು ಹೇಳಿದರೆ ಬಸಿರು. ನಡುವಯಸ್ಸು ದಾಟಿದವಳು ಹೇಳಿದರೆ ಮುಕ್ತಾಯ. ನಲವತ್ತೈದರ ಆಸುಪಾಸಿನವಳಲ್ಲಿ ಎರಡೂ ಸಾಧ್ಯವಿರುವುದರಿಂದ ಗೊಂದಲ ಸಹಜ. ಗ್ರಾಂಥಿಕ ಭಾಷೆಯಲ್ಲಿ ‘ಋತುಬಂಧ’, ‘ಋತುನಿವೃತ್ತಿ’, ‘ರಜೋನಿವೃತ್ತಿ’ ಎಂಬ ಪದಗಳು ಬಳಕೆಯಲ್ಲಿವೆ. ಇವುಗಳಲ್ಲಿ ‘ಬಂಧ’ವು ಕಟ್ಟಿಕೊಳ್ಳುವಿಕೆಯನ್ನು ಸೂಚಿಸುತ್ತದೆ. ಹೊರಹೋಗಬೇಕಾದ ಕೆಟ್ಟ ರಕ್ತ ಒಳಗೇ ಕಟ್ಟಿಕೊಂಡು ಮೈ ಊದಿಸುತ್ತದೆ ಎಂಬ ಜನಪದ ಕಲ್ಪನೆಗೆ ಈ ಪದವೇ ಇಂಬು ಕೊಡುವಂತಿದೆ. ‘ನಿವೃತ್ತಿ’ ವಸ್ತುಸ್ಥಿತಿಗೆ ಹೆಚ್ಚು ಹತ್ತಿರವಾದುದು. ಅಂಡಾಶಯಗಳು ಕ್ರಮೇಣ ಕೆಲಸ ನಿಲ್ಲಿಸುತ್ತವೆ, ಈಸ್ಟ್ರೋಜನ್ ಎಂಬ ರಸದೂತದ ಪ್ರಮಾಣ ಇಳಿಯುತ್ತದೆ, ಗರ್ಭಕೋಶದ ಒಳಪದರ ತಿಂಗಳು ತಿಂಗಳು ಬೆಳೆದು ಕಳಚುವುದು ನಿಲ್ಲುತ್ತದೆ. ಒಳಗೆ ಕಟ್ಟಿಕೊಳ್ಳಲು ರಕ್ತವೇ ಇರುವುದಿಲ್ಲ.

ಸತತ 12 ತಿಂಗಳು ಮುಟ್ಟಾಗದಿದ್ದರೆ ಮಾತ್ರ ನಿವೃತ್ತಿಯಾಯಿತೆಂದು ವೈದ್ಯಶಾಸ್ತ್ರ ಪರಿಗಣಿಸುತ್ತದೆ. ಬಹುತೇಕ ಮಹಿಳೆಯರಲ್ಲಿ ಇದು 45ರಿಂದ 55ರ ನಡುವೆ ನಡೆಯುತ್ತದೆ. ಭಾರತದಲ್ಲಿ ಸರಾಸರಿ 46–47ರ ಸುಮಾರಿಗೆ. 40ಕ್ಕಿಂತ ಮೊದಲೇ ನಿಂತರೆ ತಪಾಸಣೆ ಅಗತ್ಯ.

3. ಪ್ರಚಲಿತ ತಪ್ಪು ತಿಳಿವಳಿಕೆಗಳು

ಮಕ್ಕಳಾಗದಂತೆ ಮಾಡಿಸಿಕೊಂಡ ‘ಆಪರೇಷನ್’ನಿಂದ ಮುಟ್ಟು ಬೇಗ ನಿಲ್ಲುತ್ತದೆ ಎಂಬುದು ಮೊದಲನೆಯದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನಂತೆ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಈ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಾದ್ದರಿಂದ ಈ ನಂಬಿಕೆ ವ್ಯಾಪಕವಾಗಿರುವುದು ಅಚ್ಚರಿಯಲ್ಲ. ಆ ಶಸ್ತ್ರಚಿಕಿತ್ಸೆ ಅಂಡನಾಳವನ್ನಷ್ಟೇ ಮುಚ್ಚುತ್ತದೆ. ಅಂಡಾಶಯ ಎಂದಿನಂತೆ ಕೆಲಸ ಮಾಡುತ್ತದೆ. ಇನ್ನು ಆಪರೇಷನ್ ಮಾಡಿಸಿಕೊಳ್ಳದವರಲ್ಲಿ, ಮುಟ್ಟು ಏರುಪೇರಾದೊಡನೆ ಬಸಿರಿನ ಸಾಧ್ಯತೆ ಮುಗಿಯಿತೆಂದು ಭಾವಿಸುವುದೂ ತಪ್ಪು. 50 ದಾಟಿದವರು ಕಡೆಯ ಮುಟ್ಟಿನಿಂದ ಒಂದು ವರ್ಷ, ಅದಕ್ಕಿಂತ ಕಿರಿಯರು ಎರಡು ವರ್ಷ ಎಚ್ಚರ ವಹಿಸಬೇಕು.

ಇದ್ದಕ್ಕಿದ್ದಂತೆ ಮುಖ, ಎದೆಗೆ ಕಾವೇರಿ ಬೆವರುವುದು, ನಿದ್ರೆ ಕೆಡುವುದು, ಕಾರಣವಿಲ್ಲದೆ ಸಿಡುಕು, ಅಳು ಬರುವುದು ಎರಡನೆಯ ಗೊಂದಲಕ್ಕೆ ಎಡೆಮಾಡಿದೆ. ಇವನ್ನು ಗಾಳಿಯ ಸೋಂಕೆಂದು ತಿಳಿದು ತಾಯತ ಕಟ್ಟಿಸುವುದುಂಟು. ಸ್ವಭಾವದೋಷವೆಂದು ಮನೆಯವರು ಆಕ್ಷೇಪಿಸುವುದೂ ಉಂಟು. ರೇಷ್ಮೆಗೆ ಹೆಸರಾದ ರಾಮನಗರದಲ್ಲಿ ನೂಲು ಬಿಚ್ಚುವ ಕೆಲಸಗಾರ್ತಿಯರು ದಿನವಿಡೀ ಕುದಿನೀರಿನ ಹಬೆಯ ಬಳಿ ದುಡಿಯುವವರು. ಬಿಸಿ ವಾತಾವರಣದಲ್ಲಿ ಈ ಕಾವು ಹೆಚ್ಚುವುದರಿಂದ ಇದು ದುಡಿಮೆಯ ಸ್ಥಳದ ಪ್ರಶ್ನೆಯೂ ಹೌದು.

ಮೂರನೆಯದು, ಕೆಲಸ ಮುಗಿದ ಗರ್ಭಚೀಲವನ್ನು ತೆಗೆಸಿಬಿಟ್ಟರೆ ನೆಮ್ಮದಿ ಎಂಬ ಭಾವನೆ. ಜೊತೆಗೆ ಅಂಡಾಶಯಗಳನ್ನೂ ತೆಗೆದರೆ ವರ್ಷಗಳಲ್ಲಿ ನಡೆಯಬೇಕಾದ ಬದಲಾವಣೆ ಒಮ್ಮೆಲೇ ಎರಗುತ್ತದೆ, ಮೂಳೆ ಬೇಗ ಸವೆಯುತ್ತದೆ. ರಾಜಸ್ಥಾನ, ಬಿಹಾರ, ಛತ್ತೀಸ್‌ಗಢಗಳಲ್ಲಿ ನಡೆದ ಅನಗತ್ಯ ಶಸ್ತ್ರಚಿಕಿತ್ಸೆಗಳ ಬಗೆಗಿನ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2023ರಲ್ಲಿ ರಾಜ್ಯಗಳಿಗೆ ಮಾರ್ಗಸೂಚಿ ಅನುಸರಿಸುವಂತೆ ನಿರ್ದೇಶಿಸಿತು. ಕಲಬುರಗಿ ಜಿಲ್ಲೆಯ ತಾಂಡಾಗಳಿಂದ ಬಂದ ಇಂಥದೇ ದೂರುಗಳು ಕರ್ನಾಟಕದಲ್ಲಿಯೂ ಚರ್ಚೆಗೆ ಒಳಗಾಗಿದ್ದವು.

ಎಲ್ಲಕ್ಕಿಂತ ಅಪಾಯಕಾರಿಯಾದುದು ನಾಲ್ಕನೆಯದು. ಮುಟ್ಟು ನಿಂತು ವರ್ಷ ಕಳೆದ ಮೇಲೆ ಮತ್ತೆ ರಕ್ತ ಕಂಡರೆ ಅದನ್ನು ಮುಟ್ಟು ಮರಳಿ ಬಂದಿತೆಂದು, ಉಷ್ಣವೆಂದು ಭಾವಿಸಿ ಸುಮ್ಮನಿರುವುದು. ‘ಆ ವಯಸ್ಸೇ ಹಾಗೆ’ ಎಂಬ ಸಮಾಧಾನದ ಮಾತು ಕಾವಿಗೂ ಸಿಡುಕಿಗೂ ಸಲ್ಲುತ್ತದೆ. ಈ ರಕ್ತಕ್ಕೆ ಮಾತ್ರ ಸಲ್ಲದು. ಹೀಗೆ ರಕ್ತ ಕಂಡವರೆಲ್ಲರಿಗೂ ಕ್ಯಾನ್ಸರ್ ಇರುವುದಿಲ್ಲ. ಹತ್ತರಲ್ಲಿ ಸುಮಾರು ಒಬ್ಬರಿಗೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಪತ್ತೆಯಾಗುತ್ತದೆ. ಆದರೆ ಆ ಕ್ಯಾನ್ಸರ್ ಬಂದ ಹತ್ತು ಮಂದಿಯಲ್ಲಿ ಸುಮಾರು ಒಂಬತ್ತು ಮಂದಿಗೆ ರಕ್ತಸ್ರಾವವೇ ಮುನ್ಸೂಚನೆ. ಬೇಗ ಪತ್ತೆಯಾದರೆ ಬಹುಮಟ್ಟಿಗೆ ಗುಣವಾಗುವ ಈ ಕಾಯಿಲೆಯು ನಾಚಿಕೆಯಿಂದ ಮುಚ್ಚಿಟ್ಟಷ್ಟೂ ಬಲಿಯುತ್ತದೆ. ಒಂದು ಹನಿ ಕಂಡರೂ ವೈದ್ಯರಲ್ಲಿಗೆ ಹೋಗಬೇಕು ಎಂಬುದು ಈ ಶಿಕ್ಷಣದ ಮೊದಲ ಪಾಠವಾಗಬೇಕು.

4. ತಿಳಿವಳಿಕೆಯ ದಾರಿ

ಜನಪದ ತಿಳಿವಳಿಕೆಯನ್ನು ಸಾರಾಸಗಟಾಗಿ ಮೌಢ್ಯವೆಂದು ತಳ್ಳುವುದು ಸಮಂಜಸವಲ್ಲ. ಮುಟ್ಟು ನಿಂತ ಮೇಲೆ ಸವೆಯುವ ಮೂಳೆಗೆ ಈ ಸೀಮೆಯ ನಿತ್ಯದ ಊಟವೇ ಆಸರೆ. 100 ಗ್ರಾಂ ರಾಗಿಯಲ್ಲಿ ಸುಮಾರು 340–360 ಮಿಲಿಗ್ರಾಂ ಸುಣ್ಣದ ಅಂಶವಿದೆ. ಅಕ್ಕಿಯಲ್ಲಿ ಅದು ಅತ್ಯಲ್ಪ. ನುಗ್ಗೆಸೊಪ್ಪು, ಎಳ್ಳು ಇದಕ್ಕೆ ಪೂರಕ. ಮೈನೆರೆದವಳಿಗೆ ಎಳ್ಳುಬೆಲ್ಲದ ಚಿಗಳಿ ಕೊಡುವ ವಿವೇಕವನ್ನು ಮುಟ್ಟು ನಿಂತವಳಿಗೂ ವಿಸ್ತರಿಸುವುದು ಕಷ್ಟವಲ್ಲ.

ಹೇಳುವವರು ಯಾರೆಂಬುದೂ ಮುಖ್ಯ. ಹಿಂದೆ ಹೆಣ್ಣುಮಕ್ಕಳ ಗುಟ್ಟಿನ ಮಾತಿಗೆ ಕಿವಿಯಾಗಿದ್ದವಳು ಸೂಲಗಿತ್ತಿ. ನೆರೆಯ ತುಮಕೂರು ಜಿಲ್ಲೆಯ ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ದೊರೆತ ಪದ್ಮಶ್ರೀ ಆ ಪರಂಪರೆಗೆ ಸಂದ ಗೌರವ. ಹೆರಿಗೆಗಳು ಆಸ್ಪತ್ರೆಗೆ ಸ್ಥಳಾಂತರಗೊಂಡಂತೆ ಆ ಸ್ಥಾನ ತೆರವಾಯಿತು. 2005ರಲ್ಲಿ ಆರಂಭಗೊಂಡ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ಆಶಾ ಕಾರ್ಯಕರ್ತೆಯರು ಅದನ್ನು ಭಾಗಶಃ ತುಂಬಿದ್ದಾರೆ. ಆದರೆ ಅವರ ಕೆಲಸ ಹೆಚ್ಚಾಗಿ ಬಸುರಿ, ಬಾಣಂತಿ, ಶಿಶುಗಳ ಸುತ್ತಲೇ ಇದೆ. ಅಕ್ಷರ ಬಲ್ಲವರಿಗೆ ಡಾ. ಅನುಪಮಾ ನಿರಂಜನ (1934–1991) ಅವರ ‘ಸ್ತ್ರೀ ಸ್ವಾಸ್ಥ್ಯ ಸಂಹಿತೆ’ಯಂಥ ಕೃತಿಗಳು ಕನ್ನಡದಲ್ಲಿಯೇ ವಿಷಯ ತಿಳಿಸಿದವು. ಓದು ಬಾರದವರಿಗೆ ತಲುಪಬೇಕಾದರೆ ಹೆಂಗಸರು ಹೆಂಗಸರೇ ಕೂಡುವ ಸಂದರ್ಭಗಳು ಬೇಕು. 2000–01ರಲ್ಲಿ ಆರಂಭವಾದ ಸ್ತ್ರೀಶಕ್ತಿ ಯೋಜನೆಯ ಸಂಘಗಳ ವಾರದ ಸಭೆ ಅಂಥದೊಂದು. ಒಸಗೆಯ ಮನೆ ಇನ್ನೊಂದು. ಅಲ್ಲಿ ಹುಡುಗಿಗೆ ಬುದ್ಧಿ ಹೇಳುವ ಅಜ್ಜಿ, ಅತ್ತೆ, ದೊಡ್ಡಮ್ಮಂದಿರೆಲ್ಲ ಮುಟ್ಟು ನಿಂತವರು ಅಥವಾ ನಿಲ್ಲುವ ವಯಸ್ಸಿನವರು. ಆರಂಭದ ಮಾತು ನಡೆಯುವಲ್ಲಿಯೇ ಮುಕ್ತಾಯದ ಮಾತನ್ನೂ ಆಡಬಹುದು.

ಒಟ್ಟಾರೆ, ಮುಟ್ಟು ನಿಲ್ಲುವುದು ರೋಗವಲ್ಲ, ಹೆಣ್ಣುತನದ ಕೊನೆಯೂ ಅಲ್ಲ. ಈ ಘಟ್ಟದಲ್ಲಿ ಹೆಣ್ಣಿಗೆ ಬಿಡುಗಡೆ ಕೊಟ್ಟ ಜನಪದ ಸಮಾಜವು ಅದನ್ನು ಕುರಿತು ಮಾತನಾಡುವ ಭಾಷೆಯನ್ನು ಕೊಡಲಿಲ್ಲ. ವಯಸ್ಸಿನ ಸಹಜ ಬದಲಾವಣೆ ಯಾವುದು, ರೋಗದ ಸುಳಿವು ಯಾವುದು ಎಂಬ ವಿವೇಚನೆಯನ್ನು ಆಡುಮಾತಿನಲ್ಲಿಯೇ ರೂಢಿಸುವುದು ಆರೋಗ್ಯ ಇಲಾಖೆಯ ಹೊಣೆಯಾಗಿರುವಂತೆ ಜಾನಪದ ವಿದ್ವಾಂಸರ ಹೊಣೆಯೂ ಆಗಿದೆ.