ರಕ್ತ ಕಂಡೊಡನೆ ನಿಲ್ಲುವ ಕಾಳಗ

ವಿಜಯದಶಮಿಯ ದಿನ ಮೈಸೂರಿಗೆ ಬಂದವರ ಕಣ್ಣೆಲ್ಲ ಅಂಬಾರಿಯ ದಾರಿಯ ಮೇಲೆ. ಮೆರವಣಿಗೆ ಹೊರಡುವ ಮೊದಲೇ ಅರಮನೆಯ ಕರಿಕಲ್ಲು ತೊಟ್ಟಿಯಲ್ಲಿ, ರಾಜವಂಶಸ್ಥರ ಎದುರು, ತಲೆ ಬೋಳಿಸಿಕೊಂಡ ಜಟ್ಟಿಗಳು ಕೆಮ್ಮಣ್ಣಿನ ಮಟ್ಟಿಗೆ ಇಳಿದಿರುತ್ತಾರೆ. ಅದು ವಜ್ರಮುಷ್ಟಿ ಕಾಳಗ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರ ಮುಷ್ಟಿಯಲ್ಲಿರುವ ವಜ್ರನಖ. ಬೆರಳು ತೂರಿಸಿ ಬಿಗಿದರೆ ಗೆಣ್ಣುಗಳ ಮೇಲೆ ಚೂಪು ಮೊನೆಗಳು ಸಾಲಾಗಿ ನಿಲ್ಲುತ್ತವೆ. ಹಿಂದೆ ಅದನ್ನು ಕೊಂಬಿನಲ್ಲಿ, ದಂತದಲ್ಲಿ ಮಾಡುತ್ತಿದ್ದರು. ಒಂದು ಕೈಗೆ ಆಯುಧ, ಇನ್ನೊಂದು ಬರಿಗೈ. ಆ ಬರಿಗೈಯಲ್ಲೇ ಎದುರಾಳಿಯ ಏಟು ತಡೆಯಬೇಕು, ಪಟ್ಟು ಹಾಕಬೇಕು. ಬೋಳುತಲೆಯ ಮೇಲೆ ರಕ್ತ ಕಂಡೊಡನೆ ಉಸ್ತಾದರು ಬಿಡಿಸುತ್ತಾರೆ. ಕೆಲವೊಮ್ಮೆ ಕ್ಷಣಗಳಲ್ಲೇ ಎಲ್ಲ ಮುಗಿಯುತ್ತದೆ. ಅಷ್ಟಕ್ಕಾಗಿ ಗರಡಿಯಲ್ಲಿ ಎಳವೆಯಿಂದ ಸಾಮು, ದಂಡ, ಬೈಠಕ್. ದಸರೆ ಹತ್ತಿರವಾದಂತೆ ವ್ರತನಿಯಮ. ಏಟು ಹಾಕುವ ಬಲಕ್ಕಿಂತ ಏಟನ್ನು ಹಿಡಿತದಲ್ಲಿಡುವ ಸಂಯಮವೇ ಇಲ್ಲಿ ದೊಡ್ಡದು. ಕಾಳಗ ಮುಗಿದ ಮೇಲೆಯೇ ರಾಜವಂಶಸ್ಥರು ಭುವನೇಶ್ವರಿ ಗುಡಿಯ ಬನ್ನಿಪೂಜೆಗೆ ಹೊರಡುವುದು.

ಇದರ ಬೇರು ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಮಲ್ಲರ ದರ್ಜೆ, ಆಹಾರ, ಅಭ್ಯಾಸಗಳ ವಿವರವಿದೆ. ಗುಜರಾತಿನ ಮೊಢೇರಾದ ಜ್ಯೇಷ್ಠಿಮಲ್ಲರಿಗೂ ಅವರದೇ ಆದ ‘ಮಲ್ಲಪುರಾಣ’ವಿದೆ, ಅವರ ದೇವಿ ಲಿಂಬಜೆಯನ್ನೇ ನಮ್ಮ ಜಟ್ಟಿಗಳು ನಿಂಬಜಾದೇವಿ ಎಂದು ಪೂಜಿಸುತ್ತಾರೆ. ವಿಜಯನಗರದ ಮಹಾನವಮಿಯಲ್ಲಿ ಮಲ್ಲರು ಮೊನೆಯುಳ್ಳ ಬಳೆಯಂಥ ಆಯುಧ ಹಿಡಿದು ಹೊಡೆದಾಡುತ್ತಿದ್ದುದನ್ನು ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿಟ್ಟಿದ್ದಾನೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ದಸರೆ ಆರಂಭಿಸಿದರು. ವಿಜಯನಗರದ ಆ ಪರಂಪರೆ ಮೈಸೂರು ಅರಸರ ಕೈಯಲ್ಲಿ ಮುಂದುವರಿಯಿತು.

ಮೈಸೂರು, ಚಾಮರಾಜನಗರ, ಚನ್ನಪಟ್ಟಣ, ಬೆಂಗಳೂರಿನ ಜಟ್ಟಿಗಳು ಇಂದಿಗೂ ಸೆಣಸಲು ಬರುತ್ತಾರೆ. ಕೀಲು ತಪ್ಪಿದರೆ ಕೂಡಿಸುವ, ಮೈ ನೀವುವ ವಿದ್ಯೆಗೂ ಈ ಮನೆತನಗಳು ಒಂದು ಕಾಲಕ್ಕೆ ಹೆಸರಾಗಿದ್ದವು. 1971ರಲ್ಲಿ ರಾಜಧನ ರದ್ದಾದ ಮೇಲೆ ಅರಮನೆಯ ಆಶ್ರಯ ಹಿಂದಿನಂತೆ ಉಳಿಯಲಿಲ್ಲ. ದಸರೆಯ ನಾಡಕುಸ್ತಿಗಾದರೂ ಕ್ರೀಡಾಂಗಣವಿದೆ, ಬಹುಮಾನವಿದೆ. ವರ್ಷಕ್ಕೊಂದು ದಿನದ ಈ ಕಾಳಗಕ್ಕಾಗಿ ಮೈ ಹುರಿಗಟ್ಟಿಸಿಕೊಳ್ಳುವ ಯುವಕನಿಗೆ ಸಿಗುವುದು ಮನೆತನದ ಗೌರವ ಮಾತ್ರ.

ಒಂದೊಂದು ಪಟ್ಟನ್ನೂ ಬಲ್ಲ ಹಿರಿಯ ಉಸ್ತಾದರು ನಮ್ಮ ನಡುವೆ ಇರುವಾಗಲೇ ಅವನ್ನು ಚಿತ್ರೀಕರಿಸಿ ಇಡಬೇಕು, ಗರಡಿಗಳಿಗೆ ನೆರವು ಕೊಡಬೇಕು. ದಸರೆಗೆ ಕೋಟಿಗಟ್ಟಲೆ ಖರ್ಚು ಮಾಡುವ ಸರ್ಕಾರಕ್ಕೆ ಇದು ಭಾರವಾಗದು.