ಓರೆರೆಕ್ಕೆಯ ಪಯಣ: ಗಾಟಿಂಗೆನ್‌ನಿಂದ ಬೆಂಗಳೂರಿಗೆ

ಯುದ್ಧವು ವಿಜ್ಞಾನವನ್ನು ಬೆಳೆಸುತ್ತದೆಯೆಂಬ ಮಾತು ಬಹುಕಾಲದಿಂದ ರೂಢಿಯಲ್ಲಿದೆ. ಯುದ್ಧವಿಮಾನದ ಚರಿತ್ರೆಯನ್ನು ಮೇಲುಮೇಲಕ್ಕೆ ನೋಡಿದವರಿಗೆ ಅದು ನಿಜವೆಂದೇ ತೋರಬಹುದು. 1939ರಲ್ಲಿ ಎರಡನೆಯ ಮಹಾಯುದ್ಧವು ಆರಂಭವಾದಾಗ, ಒಂದರ ಮೇಲೊಂದು ರೆಕ್ಕೆಯನ್ನು ಕಟ್ಟಿದ ಹಳೆಯ ಮಾದರಿಯ ವಿಮಾನಗಳು ಕೆಲವು ಸೈನ್ಯಗಳಲ್ಲಿ ಇನ್ನೂ ಹಾರುತ್ತಿದ್ದುವು. ಹತ್ತೇ ವರ್ಷಗಳ ಅನಂತರ, ಪ್ರೊಪೆಲ್ಲರಿಲ್ಲದ, ರೆಕ್ಕೆಗಳನ್ನು ಬಾಣದ ಮೊನೆಯಂತೆ ಹಿಂದಕ್ಕೆ ಓರೆಯಾಗಿ ಚಾಚಿದ ವಿಮಾನಗಳು ಶಬ್ದದ ವೇಗವನ್ನು ಸಮೀಪಿಸಿದ್ದುವು. ಆದರೆ ಈ ಮಾರ್ಪಾಟಿಗೆ ಮೂಲವಾದ ಎರಡು ಕಲ್ಪನೆಗಳೂ, ಎಂದರೆ ಓರೆರೆಕ್ಕೆಯೂ ಜೆಟ್ ಯಂತ್ರವೂ, ಹುಟ್ಟಿದ್ದು ಶಾಂತಿಕಾಲದಲ್ಲಿಯೇ. ಅವು ಯಾರ ಕೈಗೆ ಸೇರಬೇಕು, ಎಷ್ಟು ಬೇಗ ಸೇರಬೇಕು, ಯಾರಿಗೆ ದೊರೆಯಕೂಡದು ಎಂಬುದನ್ನು ಯುದ್ಧವೂ ಅದರ ಬೆನ್ನಿಗೆ ಬಂದ ರಾಷ್ಟ್ರಗಳ ಪರಸ್ಪರ ಸಂಶಯವೂ ನಿರ್ಧರಿಸಿದುವು. ಇವೆರಡರ ಹಾದಿಯನ್ನು ಅನುಸರಿಸಿ ಹೊರಟರೆ ಜರ್ಮನಿಯ ಗಾಟಿಂಗೆನ್ ನಗರದಿಂದ ನಮ್ಮ ಬೆಂಗಳೂರಿಗೇ ಬಂದು ಸೇರುತ್ತೇವೆ.

ಗಾಳಿಯು ದಾರಿ ಬಿಡದಾಗ

ವಿಮಾನವು ಮುಂದೆ ಸಾಗಬೇಕಾದರೆ ಎದುರಿನ ಗಾಳಿಯು ಸರಿದು ದಾರಿ ಬಿಡಬೇಕಷ್ಟೆ. ವಿಮಾನವು ಬರುತ್ತಿದೆಯೆಂಬ ಸುದ್ದಿಯನ್ನು ಗಾಳಿಗೆ ತಲಪಿಸುವುವು ಒತ್ತಡದ ಅಲೆಗಳು. ಈ ಅಲೆಗಳ ವೇಗವೇ ಶಬ್ದದ ವೇಗ. ಸಮುದ್ರಮಟ್ಟದಲ್ಲಿ 15 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಿರುವಾಗ ಅದು ಗಂಟೆಗೆ ಸುಮಾರು 1,225 ಕಿಲೋಮೀಟರು. 11 ಕಿಲೋಮೀಟರು ಎತ್ತರದ ಕೊರೆಯುವ ಚಳಿಯಲ್ಲಿ ಸುಮಾರು 1,060 ಕಿಲೋಮೀಟರು ಮಾತ್ರ. ವಿಮಾನದ ವೇಗವು ಇದಕ್ಕಿಂತ ಬಹಳ ಕಡಮೆಯಾಗಿದ್ದರೆ ಸುದ್ದಿಯು ಮುಂಚಿತವಾಗಿಯೇ ಹೋಗಿ ಗಾಳಿಯು ಸುಗಮವಾಗಿ ಸರಿಯುತ್ತದೆ. ವೇಗವು ಹೆಚ್ಚಿದಂತೆಲ್ಲ ಈ ಸೌಕರ್ಯವು ಕುಗ್ಗುತ್ತ ಬರುತ್ತದೆ.

ತೊಡಕು ಮೊದಲಾಗುವುದು ರೆಕ್ಕೆಯ ಉಬ್ಬಿದ ಮೇಲ್ಮೈಯಲ್ಲಿ. ಅಲ್ಲಿ ಗಾಳಿಯು ವಿಮಾನದ ವೇಗಕ್ಕಿಂತ ಹೆಚ್ಚಿನ ವೇಗದಿಂದ ಹರಿಯುತ್ತದೆ. ಆದಕಾರಣ ವಿಮಾನವು ಶಬ್ದದ ವೇಗದ ಮುಕ್ಕಾಲು ಪಾಲನ್ನು ಮುಟ್ಟುವಷ್ಟರಲ್ಲಿಯೇ ರೆಕ್ಕೆಯ ಮೇಲಣ ಗಾಳಿಯು ಶಬ್ದದ ವೇಗವನ್ನು ಮೀರಿಬಿಡಬಹುದು. ಆಗ ಅಲ್ಲಿ ಆಘಾತ ತರಂಗವೊಂದು ಏರ್ಪಡುತ್ತದೆ. ಗಾಳಿಯ ಹರಿವು ರೆಕ್ಕೆಯಿಂದ ಕಳಚಿಕೊಳ್ಳುತ್ತದೆ. ಎತ್ತುಬಲವು ಕುಸಿದು, ಹಿಂದಕ್ಕೆಳೆಯುವ ತಡೆಯು ಥಟ್ಟನೆ ಏರುತ್ತದೆ. ಅಮೆರಿಕದ ‘ಲೈಟ್ನಿಂಗ್’ ಎಂಬ ಪ್ರೊಪೆಲ್ಲರ್ ವಿಮಾನವು 1941ರ ಸುಮಾರಿಗೆ ಎತ್ತರದಿಂದ ಧುಮುಕುವ ಪರೀಕ್ಷೆಗಳಲ್ಲಿ ಚಾಲಕನ ಹಿಡಿತಕ್ಕೆ ಸಿಕ್ಕದೆ ಹೋದದ್ದು ಈ ಕಾರಣದಿಂದಲೇ. ಗಾಳಿಯೇ ಗೋಡೆಯಾಗಿ ನಿಂತಿತೆಂದು ಜನರು ಅಂದು ಭಾವಿಸಿದುದರಲ್ಲಿ ಆಶ್ಚರ್ಯವಿಲ್ಲ.

ಘಟ್ಟದ ದಾರಿಯ ಉಪಾಯ

ಈ ಗೋಡೆಯನ್ನು ದಾಟುವ ಉಪಾಯವು ಯುದ್ಧಕ್ಕೆ ನಾಲ್ಕು ವರ್ಷ ಮುಂಚೆಯೇ ಎಲ್ಲರ ಮುಂದೆ ಪ್ರಕಟವಾಗಿದ್ದಿತು. 1935ರಲ್ಲಿ ರೋಮ್ ನಗರದಲ್ಲಿ ವೋಲ್ಟಾ ಸಮ್ಮೇಳನವು ನಡೆದಾಗ, ಹಿಂದೆ ಗಾಟಿಂಗೆನ್‌ನಲ್ಲಿ ಲುಡ್ವಿಗ್ ಪ್ರಾಂಟಲ್ ಅವರೊಡನೆ ಕೆಲಸಮಾಡಿದ್ದ ಅಡಾಲ್ಫ್ ಬುಸೆಮಾನ್ ಎಂಬ ವಿಜ್ಞಾನಿಯು, ಶಬ್ದಾತೀತ ವೇಗಕ್ಕೆ ರೆಕ್ಕೆಯನ್ನು ಹಿಂದಕ್ಕೆ ಓರೆಯಾಗಿಡುವುದು ಲೇಸೆಂದು ಗಣಿತದಿಂದ ತೋರಿಸಿದನು.

ಇದರ ಮರ್ಮವನ್ನು ತಿಳಿಯಲು ನಮ್ಮ ಘಟ್ಟದ ದಾರಿಗಳನ್ನು ನೆನೆದರೆ ಸಾಕು. ಘಟ್ಟವನ್ನು ನೇರವಾಗಿ ಹತ್ತುವ ಕಾಲುದಾರಿಯು ಕಡಿದಾಗಿರುತ್ತದೆ; ಅದೇ ಘಟ್ಟವನ್ನು ಓರೆಯಾಗಿ ಬಳಸಿ ಹತ್ತುವ ಬಂಡಿದಾರಿಯ ಏರು ಮೆಲ್ಲನೆಯದು. ಓರೆರೆಕ್ಕೆಯ ಉಬ್ಬನ್ನು ಗಾಳಿಯು ಹೀಗೆ ಓರೆಯಾಗಿ ಹತ್ತಿಳಿಯುತ್ತದೆ. ಲೆಕ್ಕದ ಮಾತಿನಲ್ಲಿ ಹೇಳುವುದಾದರೆ, ಗಾಳಿಯ ವೇಗವನ್ನು ರೆಕ್ಕೆಯ ಅಂಚಿಗೆ ಲಂಬವಾದ ಭಾಗ, ಅಂಚಿನ ಉದ್ದಕ್ಕೆ ಸಾಗುವ ಭಾಗ ಎಂದು ಎರಡಾಗಿ ಒಡೆಯಬಹುದು. ಮೊದಲನೆಯದು ಮಾತ್ರವೇ ಆಘಾತ ತರಂಗಕ್ಕೆ ಕಾರಣವಾಗುವುದು. ರೆಕ್ಕೆಯು 35 ಡಿಗ್ರಿ ಓರೆಯಾಗಿದ್ದರೆ ಈ ಲಂಬಭಾಗವು ಒಟ್ಟು ವೇಗದ ನೂರಕ್ಕೆ 82ರಷ್ಟು. ವಿಮಾನವು ಶಬ್ದದ ವೇಗದ ನೂರಕ್ಕೆ 90ರಷ್ಟು ವೇಗದಿಂದ ಹಾರುತ್ತಿದ್ದರೂ ರೆಕ್ಕೆಯ ಪಾಲಿಗೆ ಅದು ನೂರಕ್ಕೆ 74 ಮಾತ್ರವೆಂದಾಯಿತು. ವಾಸ್ತವದಲ್ಲಿ ಲಾಭವು ಇದಕ್ಕಿಂತ ಸ್ವಲ್ಪ ಕಡಮೆ. ನಿಧಾನವಾಗಿ ಇಳಿಯುವಾಗ ಓರೆರೆಕ್ಕೆಯ ಎತ್ತುಬಲವು ತಗ್ಗುವುದೆಂಬ ದೋಷವೂ ಇದೆ.

ಅಂದಿನ ವಿಮಾನಗಳು ಶಬ್ದದ ವೇಗದಿಂದ ಬಹುದೂರದಲ್ಲಿದ್ದುದರಿಂದ ಬುಸೆಮಾನನ ಮಾತನ್ನು ಹೊರಗಿನವರು ಮರೆತರು, ಜರ್ಮನಿಯು ಮರೆಯಲಿಲ್ಲ. ಶಬ್ದದ ವೇಗವನ್ನು ಮುಟ್ಟುವುದಕ್ಕೆ ಮುಂಚೆಯೂ ಈ ಉಪಾಯವು ಫಲಕೊಡುವುದೆಂದು ಗಾಟಿಂಗೆನ್‌ನ ಆಲ್ಬರ್ಟ್ ಬೆಟ್ಸ್ ಕಂಡುಕೊಂಡನು. 1939ರಲ್ಲಿ ಅಲ್ಲಿನ ವಾಯುಸುರಂಗದಲ್ಲಿ ನಡೆದ ಪ್ರಯೋಗಗಳು ಅದನ್ನು ಸ್ಥಿರಪಡಿಸಿದುವು. ಸಮ್ಮೇಳನದಲ್ಲಿ ಬಹಿರಂಗವಾಗಿ ಹೇಳಿದ ಸಂಗತಿಯು ಹೀಗೆ ಸೈನ್ಯದ ಗುಟ್ಟಾಯಿತು.

ಬೆಂಕಿಯಲ್ಲಿ ತಿರುಗುವ ಅಲಗು

ಜೆಟ್ ಯಂತ್ರದ ಕಥೆಯೂ ಇಂಥದೇ. ಇಂಗ್ಲೆಂಡಿನ ಫ್ರಾಂಕ್ ವಿಟ್ಲ್ 1930ರಲ್ಲಿಯೇ ಅದಕ್ಕೆ ಪೇಟೆಂಟು ಬೇಡಿದ್ದನು. 1935ರಲ್ಲಿ ಅದನ್ನು ನವೀಕರಿಸಲು ಬೇಕಾಗಿದ್ದ ಐದು ಪೌಂಡು ಶುಲ್ಕವನ್ನು ತೆರಲಾರದೆ ಹಕ್ಕನ್ನು ಕಳೆದುಕೊಂಡನು. ಜರ್ಮನಿಯಲ್ಲಿ, ಗಾಟಿಂಗೆನ್‌ನಲ್ಲಿಯೇ ಓದಿದ ಹಾನ್ಸ್ ಫಾನ್ ಓಹೈನ್ ನಿರ್ಮಿಸಿದ ಯಂತ್ರವನ್ನು ಹೊತ್ತ ವಿಮಾನವು 1939ರ ಆಗಸ್ಟ್ 27ರಂದು ಮೊದಲ ಸಲ ಹಾರಿತು. ಯುದ್ಧವು ಆರಂಭವಾದದ್ದು ಅದಾದ ಐದನೆಯ ದಿನ.

ಜೆಟ್ ಯಂತ್ರದ ತತ್ತ್ವವು ಸರಳವಾದುದು. ಗಾಳಿಯನ್ನು ಒಳಕ್ಕೆಳೆದು, ಒತ್ತಿ, ಅದರಲ್ಲಿ ಇಂಧನವನ್ನು ಉರಿಸಿ, ಬಿಸಿಯ ಅನಿಲವನ್ನು ಹಿಂದಕ್ಕೆ ಚಿಮ್ಮಿಸುವುದು. ಹಾಗೆ ಚಿಮ್ಮುವ ಅನಿಲವೇ ದಾರಿಯಲ್ಲಿ ಟರ್ಬೈನನ್ನು ತಿರುಗಿಸಿ ಗಾಳಿಯನ್ನೊತ್ತುವ ಕೆಲಸಕ್ಕೆ ಬಲವನ್ನೊದಗಿಸುತ್ತದೆ. ಕಷ್ಟವಿರುವುದು ಟರ್ಬೈನಿನ ಅಲಗಿನಲ್ಲಿ. ನಡುವಿನಿಂದ 30 ಸೆಂಟಿಮೀಟರು ದೂರದಲ್ಲಿದ್ದು ನಿಮಿಷಕ್ಕೆ 12,000 ಸುತ್ತು ತಿರುಗುವ 100 ಗ್ರಾಂ ತೂಕದ ಅಲಗೊಂದನ್ನು ಊಹಿಸಿಕೊಳ್ಳಿ. ಅದನ್ನು ಹೊರಕ್ಕೆ ಸೆಳೆಯುವ ಬಲವನ್ನು ಲೆಕ್ಕಹಾಕಿದರೆ ಅಲಗಿನ ತೂಕದ 48,000 ಪಟ್ಟಾಗುತ್ತದೆ. ಅಂಗೈಯಲ್ಲಿ ಹಿಡಿಯಬಹುದಾದ ಲೋಹದ ತುಂಡಿನ ತುದಿಗೆ ನಾಲ್ಕೂಮುಕ್ಕಾಲು ಟನ್ನಿನ ಭಾರವನ್ನು ತೂಗುಹಾಕಿದಂತಾಯಿತು. ಅದೂ ಉಕ್ಕು ಕೆಂಪಗೆ ಕಾಯುವಷ್ಟು ಬಿಸಿಯಲ್ಲಿ. ಇಂಥ ಸ್ಥಿತಿಯಲ್ಲಿ ಸಾಮಾನ್ಯ ಉಕ್ಕು ಅಂಟಿನಂತೆ ನಿಧಾನವಾಗಿ ಹಿಗ್ಗಿ ಕೊನೆಗೆ ಹರಿದುಹೋಗುತ್ತದೆ. ನಿಕ್ಕಲ್, ಕ್ರೋಮಿಯಂ ಮೊದಲಾದುವುಗಳ ವಿಶೇಷ ಮಿಶ್ರಲೋಹಗಳು ಮಾತ್ರ ಇದನ್ನು ತಾಳಬಲ್ಲುವು.

ಜರ್ಮನಿಗೆ ಈ ಲೋಹಗಳೇ ಯುದ್ಧಕಾಲದಲ್ಲಿ ದುರ್ಲಭವಾದುವು. ಅದರ ಮೆಸ್ಸರ್‌ಶ್ಮಿಟ್ 262 ವಿಮಾನವು ಗಂಟೆಗೆ ಸುಮಾರು 870 ಕಿಲೋಮೀಟರು ವೇಗದಿಂದ ಹಾರಿ, ವಿರೋಧಿಗಳ ಪ್ರೊಪೆಲ್ಲರ್ ವಿಮಾನಗಳನ್ನು ಹಿಂದಿಕ್ಕಿತು. ಆದರೆ ಅದರ ಯಂತ್ರದ ಆಯುಸ್ಸು ಹತ್ತರಿಂದ ಇಪ್ಪತ್ತೈದು ಗಂಟೆ ಮಾತ್ರ. ಅಂಥ ಯಂತ್ರಗಳು ನೆಲದೊಳಗಿನ ಕಾರ್ಖಾನೆಗಳಲ್ಲಿ ಸೆರೆಯಾಳುಗಳ ಬಲವಂತದ ದುಡಿಮೆಯಿಂದಲೂ ತಯಾರಾದುವು. ಯುದ್ಧವು ಬೆಳೆಸಿದ ವಿಜ್ಞಾನದ ಬೆಲೆಯನ್ನು ಕಟ್ಟುವಾಗ ಇದನ್ನು ಬಿಟ್ಟು ಲೆಕ್ಕಹಾಕಲಾಗದು.

ಗೆದ್ದವರ ಪಾಲು

1945ರ ಮೇ ತಿಂಗಳಲ್ಲಿ ಜರ್ಮನಿಯು ಶರಣಾಗತವಾದೊಡನೆ ಗೆದ್ದವರ ವಿಜ್ಞಾನಿಗಳು ಅಲ್ಲಿನ ಸಂಶೋಧನಾಲಯಗಳನ್ನು ಹೊಕ್ಕರು. ಬೋಯಿಂಗ್ ಕಾರ್ಖಾನೆಯ ಜಾರ್ಜ್ ಷೈರರ್ ಎಂಬವನು ಓರೆರೆಕ್ಕೆಯ ಪ್ರಯೋಗಗಳ ದಾಖಲೆಗಳನ್ನು ನೋಡಿ, ಕೂಡಲೇ ತನ್ನವರಿಗೆ ಪತ್ರ ಬರೆದನು. ಅಮೆರಿಕದಲ್ಲಿ ರಾಬರ್ಟ್ ಜೋನ್ಸ್ ಅದೇ ವರ್ಷದ ಆರಂಭದಲ್ಲಿ ಸ್ವತಂತ್ರವಾಗಿ ಇದೇ ಸಿದ್ಧಾಂತವನ್ನು ತಲಪಿದ್ದನು. ಜರ್ಮನ್ ದಾಖಲೆಗಳು ಅದಕ್ಕೆ ಸಾಕ್ಷಿಯಾಗಿ ಒದಗಿದುವು. ನೇರ ರೆಕ್ಕೆಯ ನಕ್ಷೆಗಳನ್ನು ಬದಿಗಿಟ್ಟು ಹೊಸದಾಗಿ ರಚಿಸಿದ ಸೇಬರ್ ಯುದ್ಧವಿಮಾನವು 1947ರ ಅಕ್ಟೋಬರ್ 1ರಂದೂ, ಬಿ-47 ಬಾಂಬರ್ ವಿಮಾನವು ಅದೇ ವರ್ಷದ ಡಿಸೆಂಬರ್ 17ರಂದೂ ಹಾರಿದುವು. ಎರಡರ ಓರೆಯೂ 35 ಡಿಗ್ರಿ.

ಸೋವಿಯೆಟ್ ದೇಶದ ಮಿಗ್-15 ಹಾರಿದ್ದು ಅದೇ ಡಿಸೆಂಬರ್ 30ರಂದು. ಅದರ ಓರೆಯೂ 35 ಡಿಗ್ರಿಯೇ. ಪ್ರಕೃತಿಯ ನಿಯಮವು ಎರಡು ಪಾಳೆಯಗಳಿಗೂ ಒಂದೇ ಆದುದರಿಂದ ಉತ್ತರವೂ ಒಂದೇ ಆಯಿತು. ಆದರೆ ರಷ್ಯನ್ನರಿಗೆ ಒಳ್ಳೆಯ ಯಂತ್ರವಿರಲಿಲ್ಲ. ಕೈಗೆ ಸಿಕ್ಕಿದ್ದ ಜರ್ಮನ್ ಯಂತ್ರಗಳ ನೂಕುಬಲವು ಸುಮಾರು 900 ಕಿಲೋಗ್ರಾಂ ಮಾತ್ರ. ಸ್ನೇಹವು ಇನ್ನೂ ಪೂರ್ತಿಯಾಗಿ ಮುರಿಯದಿದ್ದ ಆ ದಿನಗಳಲ್ಲಿ ಬ್ರಿಟನ್ನಿನ ಆಟ್ಲಿ ಸರ್ಕಾರವು ರೋಲ್ಸ್‌ರಾಯ್ಸ್ ಕಂಪೆನಿಯ ‘ನೀನ್’ ಯಂತ್ರಗಳನ್ನು ಅವರಿಗೆ ಮಾರಲು ಒಪ್ಪಿತು. ಅದರ ನೂಕುಬಲ ಸುಮಾರು 2,270 ಕಿಲೋಗ್ರಾಂ. ರಷ್ಯನ್ನರು ಅದರ ಪಡಿಯಚ್ಚನ್ನು ತಯಾರಿಸಿ ಮಿಗ್-15ಕ್ಕೆ ಜೋಡಿಸಿದರು. 1950ರ ನವೆಂಬರಿನಲ್ಲಿ ಕೊರಿಯದ ಆಕಾಶದಲ್ಲಿ ಈ ವಿಮಾನವು ಕಾಣಿಸಿಕೊಂಡಾಗ ಪಶ್ಚಿಮದವರು ಬೆರಗಾದರು. ಅದನ್ನೆದುರಿಸಲು ಸೇಬರ್ ವಿಮಾನಗಳನ್ನು ಅವಸರದಿಂದ ಕಳುಹಿಸಬೇಕಾಯಿತು. ಒಂದೇ ಗಾಟಿಂಗೆನ್ ಪಾಠವನ್ನು ಕಲಿತ ಎರಡು ವಿಮಾನಗಳು ಹೀಗೆ ಒಂದನ್ನೊಂದು ಬೇಟೆಯಾಡಿದುವು.

ಬೆಂಗಳೂರಿನ ಅಧ್ಯಾಯ

ಈ ಪಯಣದ ಕೊನೆಯ ಹಂತವು ನಮ್ಮ ನಾಡಿನದು. ಬೆಂಗಳೂರಿನ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯೂ ಯುದ್ಧದ ಕೂಸೇ. ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ ಅದನ್ನು 1940ರ ಡಿಸೆಂಬರಿನಲ್ಲಿ ಸ್ಥಾಪಿಸಿದರು. ಯುದ್ಧಕಾಲದಲ್ಲಿ ಅಲ್ಲಿ ಅಮೆರಿಕದ ಸೈನ್ಯದ ವಿಮಾನಗಳ ದುರಸ್ತಿ ನಡೆಯಿತು. ಸ್ವಾತಂತ್ರ್ಯಾನಂತರ, 1951ರಲ್ಲಿ, ಅಲ್ಲಿಂದ ಹಾರಿದ ಎಚ್‌ಟಿ-2 ತರಬೇತಿ ವಿಮಾನವನ್ನು ರೂಪಿಸಿದ ವಿಷ್ಣು ಮಾಧವ ಘಾಟಗೆಯವರು ಗಾಟಿಂಗೆನ್‌ನಲ್ಲಿ ಪ್ರಾಂಟಲ್ ಅವರ ಶಿಷ್ಯರಾಗಿ ಡಾಕ್ಟರೇಟ್ ಪಡೆದವರು.

1956ರಲ್ಲಿ ಕುರ್ಟ್ ಟಾಂಕ್ ಬೆಂಗಳೂರಿಗೆ ಬಂದನು. ಫೋಕೆವುಲ್ಫ್ 190 ವಿಮಾನವನ್ನು ರಚಿಸಿದ ಈ ಜರ್ಮನ್ ತಜ್ಞನು, ಸೋಲಿನ ಅನಂತರ ಅರ್ಜೆಂಟೀನಕ್ಕೆ ಹೋಗಿ, ಅಲ್ಲಿ ನೀನ್ ಯಂತ್ರವುಳ್ಳ ಓರೆರೆಕ್ಕೆಯ ವಿಮಾನವನ್ನು 1950ರಲ್ಲಿ ಹಾರಿಸಿದ್ದನು. 1955ರಲ್ಲಿ ಅಲ್ಲಿನ ಅಧ್ಯಕ್ಷ ಪೆರೋನ್ ಪದಚ್ಯುತನಾದ ಮೇಲೆ ಟಾಂಕನ ನೆಲೆಯೂ ಅಲುಗಿತು. ಶಬ್ದದ ಎರಡು ಪಟ್ಟು ವೇಗದ ವಿಮಾನವೊಂದನ್ನು ಸ್ವಂತವಾಗಿ ಪಡೆಯಬೇಕೆಂಬ ಹಂಬಲ ಭಾರತಕ್ಕಿದ್ದಿತು. ಜರ್ಮನ್ ತಂಡವೂ ನಮ್ಮ ಎಂಜಿನಿಯರುಗಳೂ ಕೂಡಿ, ಮೊದಲು ಅದೇ ಆಕಾರದ ಮರದ ಗ್ಲೈಡರನ್ನು 1959ರಲ್ಲಿ ಹಾರಿಸಿ ಪರೀಕ್ಷಿಸಿದರು. 1961ರ ಜೂನ್ 17ರಂದು ವಿಂಗ್ ಕಮಾಂಡರ್ ಸುರಂಜನ್ ದಾಸರು ಎಚ್‌ಎಫ್-24 ‘ಮಾರುತ್’ ವಿಮಾನವನ್ನು ಬೆಂಗಳೂರಿನ ಆಕಾಶಕ್ಕೆ ಏರಿಸಿದರು.

ರೆಕ್ಕೆ ದೊರೆಯಿತು, ಯಂತ್ರ ದೊರೆಯಲಿಲ್ಲ. ಟಾಂಕನು ನಂಬಿದ್ದ ಬ್ರಿಟಿಷ್ ಆರ್ಫಿಯಸ್-12 ಯಂತ್ರದ ನೂಕುಬಲ ಸುಮಾರು 3,700 ಕಿಲೋಗ್ರಾಂ. ಪಶ್ಚಿಮದ ಸೈನ್ಯಗಳಿಗೆ ಅದು ಬೇಡವಾದಾಗ ಅದರ ಅಭಿವೃದ್ಧಿಯು ನಿಂತಿತು. ಮುಂದುವರಿಸಲು ಬೇಕಾದ ಹಣವನ್ನು ತೊಡಗಿಸಲು ಭಾರತವು ಒಪ್ಪಲಿಲ್ಲ. ಈಜಿಪ್ಟು ತನ್ನ ವಿಮಾನಕ್ಕಾಗಿ ಸಿದ್ಧಪಡಿಸುತ್ತಿದ್ದ ಇ-300 ಯಂತ್ರವನ್ನು ಮಾರುತಿಗೆ ಜೋಡಿಸಿ ನೋಡುವ ಯತ್ನವೂ ನಡೆಯಿತು. 1967ರ ಅರಬ್-ಇಸ್ರೇಲ್ ಯುದ್ಧದ ಅನಂತರ ಆ ಯೋಜನೆಯೇ ಮುಚ್ಚಿಹೋಯಿತು. ಕೊನೆಗೆ ಉಳಿದದ್ದು ಬೆಂಗಳೂರಿನಲ್ಲಿ ಪರವಾನಗಿಯ ಮೇಲೆ ತಯಾರಾಗುತ್ತಿದ್ದ ಹಳೆಯ ಆರ್ಫಿಯಸ್ ಯಂತ್ರಗಳ ಜೋಡಿ, ತಲಾ 2,200 ಕಿಲೋಗ್ರಾಂ ನೂಕುಬಲದ್ದು. ಶಬ್ದದ ಎರಡು ಪಟ್ಟು ವೇಗಕ್ಕೆ ರೂಪಿಸಿದ ವಿಮಾನವು ಶಬ್ದದ ವೇಗವನ್ನು ಮುಟ್ಟುವುದಕ್ಕೇ ಏದುಸಿರುಬಿಟ್ಟಿತು. ಅದನ್ನು ಬಲಪಡಿಸುವ ಯತ್ನದಲ್ಲಿಯೇ, 1970ರ ಜನವರಿಯಲ್ಲಿ ನಡೆದ ಅಪಘಾತದಲ್ಲಿ, ಸುರಂಜನ್ ದಾಸರು ಪ್ರಾಣವನ್ನು ತೆತ್ತರು.

ಆದರೂ ಮಾರುತ್ ವಿಫಲವಾಯಿತೆಂದು ಹೇಳುವುದು ನ್ಯಾಯವಲ್ಲ. 147 ವಿಮಾನಗಳು ತಯಾರಾದುವು. 1971ರ ಯುದ್ಧದಲ್ಲಿ ರಾಜಸ್ಥಾನದ ಮರುಭೂಮಿಯಲ್ಲಿ ಸೇವೆ ಸಲ್ಲಿಸಿ, 1990ರ ವೇಳೆಗೆ ನಿವೃತ್ತವಾದುವು. ಆದರೆ ಅದು ಕಲಿಸಿದ ಪಾಠವು ನಿವೃತ್ತವಾಗಿಲ್ಲ. ನಮ್ಮ ಕಾವೇರಿಯ ಹೆಸರನ್ನೇ ಹೊತ್ತು ಬೆಂಗಳೂರಿನಲ್ಲಿ ರೂಪುಗೊಂಡ ಜೆಟ್ ಯಂತ್ರವು ಬೇಕಾದ ಬಲವನ್ನು ಪಡೆಯದೆ ಹೋದುದರಿಂದ, 2001ರಲ್ಲಿ ಮೊದಲು ಹಾರಿದ ತೇಜಸ್ ವಿಮಾನವೂ ಅಮೆರಿಕದ ಯಂತ್ರವನ್ನು ಆಶ್ರಯಿಸಿದೆ.

ರೆಕ್ಕೆಯ ಆಕಾರವು ಒಂದು ಜ್ಞಾನ. ಅದು ಕಾಗದದ ಮೇಲೆ ಬರುತ್ತದೆ, ವಿದ್ವಾಂಸನ ತಲೆಯಲ್ಲಿ ಬರುತ್ತದೆ, ಶತ್ರುವಿನ ಮನೆಯಿಂದಲೂ ಬರುತ್ತದೆ. ಟರ್ಬೈನಿನ ಅಲಗಾದರೋ ಕೇವಲ ಜ್ಞಾನವಲ್ಲ. ಲೋಹವನ್ನು ಕರಗಿಸಿ, ಎರಕಹೊಯ್ದು, ಒಡೆದು, ಮತ್ತೆ ಎರಕಹೊಯ್ದ ಎಷ್ಟೋ ವರ್ಷಗಳ ಕೈಗಾರಿಕೆಯ ಅನುಭವವು ಅದರಲ್ಲಿ ಗಟ್ಟಿಯಾಗಿರುತ್ತದೆ. ಅದನ್ನು ಬೇರೆಯವರಿಂದ ಪಡೆಯಬೇಕಾದರೆ ಅವರ ಸ್ನೇಹ ಸಂಶಯಗಳ ಏರಿಳಿತಕ್ಕೆ ಕಾಯಬೇಕು. ಆ ಅನುಭವವು ಕೂಡುವುದು ಯುದ್ಧದ ಅವಸರದಲ್ಲಲ್ಲ, ಶಾಂತಿಯ ದಿನಗಳ ತಾಳ್ಮೆಯ ದುಡಿಮೆಯಲ್ಲಿ.